ನವಸಾಗರ

ಗೋವೆಯಲ್ಲಿ ಮನೆಯಿಂದ ಹತ್ತು ನಿಮಿಷ ನಡೆದರೆ ಸಮುದ್ರ ಸಿಗುತ್ತದೆ. ಹೀಗಿರುವಾಗ ಅದನ್ನು ಗಾಜಿನ ತೊಟ್ಟಿಯಲ್ಲಿ ತುಂಬಿ ಪಡಸಾಲೆಯಲ್ಲಿ ಇಟ್ಟುಕೊಳ್ಳುವ ಹುಚ್ಚು ಏಕೆಂದು ಸಂಘದ ಹಿರಿಯ ಮಿತ್ರರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ರೋಣದ ಸೀಮೆಯ ಎರೆಭೂಮಿಯಲ್ಲಿ ಹುಟ್ಟಿ, ಮೂರು ದಶಕಗಳ ಕಾಲ ಮಕ್ಕಳಿಗೆ ಇತಿಹಾಸವನ್ನೂ ಕನ್ನಡವನ್ನೂ ಬೋಧಿಸಿ, ನಿವೃತ್ತಿಯ ಬಳಿಕ ವಾಸ್ಕೋದಲ್ಲಿರುವ ಮಗನ ಮನೆಗೆ ಬಂದು ನೆಲೆಸಿದವನು ನಾನು. ಬಾವಿ, ಕೆರೆ, ಹಳ್ಳಗಳನ್ನು ಬಲ್ಲೆ. ಉಪ್ಪುನೀರಿನ ವಿದ್ಯೆ ನನ್ನದಲ್ಲ. ಈ ಹುಚ್ಚು ಮೂಲತಃ ನನ್ನ ಮೊಮ್ಮಗನದು. 1966ರಲ್ಲಿ ಸ್ಥಾಪನೆಯಾಗಿ ಈಗ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗೆ ಶಾಲೆಯ ಮಕ್ಕಳೊಡನೆ ಹೋಗಿ ಬಂದವನು, ಹವಳದ ದಿಬ್ಬವೊಂದು ತನಗೂ ಬೇಕೆಂದು ಪಟ್ಟು ಹಿಡಿದ.

ನಾನು ಒಪ್ಪಿದೆ, ಒಂದು ಷರತ್ತಿನ ಮೇಲೆ. ಒಂಬತ್ತು ವರ್ಷದ ಆ ಹುಡುಗ ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಕೊಂಕಣಿ ಮತ್ತು ಹಿಂದಿ, ಮನೆಯಲ್ಲಿ ಕನ್ನಡ ಮಾತನಾಡುತ್ತಾನೆ. ಆದರೆ ಕನ್ನಡದಲ್ಲಿ ಬರೆಯುವುದು ಎಂದರೆ ಓಡಿಹೋಗುತ್ತಿದ್ದ. ತೊಟ್ಟಿಯ ದಿನಚರಿಯನ್ನು ಪ್ರತಿದಿನವೂ ಕನ್ನಡದಲ್ಲಿ ಬರೆಯಬೇಕು, ಬರೆಯದ ದಿನ ತೊಟ್ಟಿಯ ದೀಪ ಹಚ್ಚುವುದಿಲ್ಲ ಎಂದು ಹೇಳಿದೆ. ಮುಖ್ಯಾಧ್ಯಾಪಕನ ಬುದ್ಧಿ ನಿವೃತ್ತಿಯಾಗುವುದಿಲ್ಲವೆಂದು ಸೊಸೆ ನಕ್ಕಳು.

ತೊಟ್ಟಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಸುಮಾರು 50 ಲೀಟರು ನೀರು ಹಿಡಿಯುತ್ತದೆ. ಸಮುದ್ರದಿಂದಲೇ ಕೊಡಗಳಲ್ಲಿ ನೀರು ತರಬಹುದಲ್ಲವೇ ಎಂದರೆ, ಬಂದರಿನ ಸಮೀಪದ ನೀರಿನಲ್ಲಿ ಎಣ್ಣೆಯ ಅಂಶವಿರುತ್ತದೆ. ಮಳೆಗಾಲದಲ್ಲಿ ಜುವಾರಿಯ ಸಿಹಿನೀರು ಸೇರಿ ಉಪ್ಪಿನ ಹದ ಕೆಡುತ್ತದೆ. ಆದ್ದರಿಂದ ಶುದ್ಧೀಕರಿಸಿದ ನೀರಿಗೆ ಉಪ್ಪು ಬೆರೆಸುವುದೇ ಕ್ಷೇಮ. ಅದು ಅಡುಗೆಯ ಉಪ್ಪಲ್ಲ. ಸಾಣಿಕಟ್ಟೆಯ ಉಪ್ಪು ಊಟಕ್ಕೆ ಎಷ್ಟು ರುಚಿಯಾದರೂ ಇಲ್ಲಿ ಸಲ್ಲದು. ಸಮುದ್ರದಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವು ತಕ್ಕ ಪ್ರಮಾಣದಲ್ಲಿರುವ ಪ್ರತ್ಯೇಕ ಉಪ್ಪನ್ನೇ ತರಬೇಕು. ಒಂದು ಲೀಟರಿಗೆ ಸುಮಾರು 35 ಗ್ರಾಂ ಲವಣ, ಸಾಪೇಕ್ಷ ಸಾಂದ್ರತೆ 1.025. ಹೈಡ್ರೋಮೀಟರಿನ ಮುಳ್ಳು ಆ ಗೆರೆಗೆ ಬಂದು ನಿಂತಾಗ ಮೊಮ್ಮಗ ಚಪ್ಪಾಳೆ ತಟ್ಟಿ, ‘ಅಜ್ಜಾ, ಇನ್ನ ಮೀನ ತರೂಣು’ ಎಂದ.

ಕಷ್ಟವೆಲ್ಲ ಅಲ್ಲಿಂದಲೇ ಆರಂಭವಾಯಿತು. ಕನ್ನಡಿಯಂತೆ ತಿಳಿಯಾಗಿದ್ದ ಆ ನೀರಿನಲ್ಲಿ ಮೀನು ಬದುಕಲಾರದು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯ. ಸಮುದ್ರದ ನೀರು ಸ್ವಲ್ಪ ಕ್ಷಾರಗುಣದ್ದಾದುದರಿಂದ ಅಲ್ಲಿ ಅದರ ವಿಷ ಇನ್ನೂ ತೀಕ್ಷ್ಣ. ನಿಜವಾದ ಸಮುದ್ರದಲ್ಲಿ ಈ ವಿಷವನ್ನು ಕರಗಿಸುವ ಕಣ್ಣಿಗೆ ಕಾಣದ ಜೀವಿಗಳಿವೆ. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟಾಗಿಸುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿಸುತ್ತವೆ. ಕೀವ್‌ನಲ್ಲಿ ಹುಟ್ಟಿದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1890ರ ಸುಮಾರಿಗೆ ಇಂಥ ಜೀವಾಣುಗಳನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದನು. ಪ್ರೌಢಶಾಲೆಯ ಪುಸ್ತಕದಲ್ಲಿ ಸಾರಜನಕ ಚಕ್ರವೆಂದು ಬಾಣಗಳ ಚಿತ್ರವಿರುತ್ತಿತ್ತು. ಪರೀಕ್ಷೆಗೆ ಐದು ಅಂಕಗಳ ಪ್ರಶ್ನೆ. ಅದು ನಮ್ಮ ವಿಜ್ಞಾನದ ಮೇಷ್ಟ್ರ ಪಾಲಿನ ಪಾಠವಾಗಿತ್ತು, ನಾನು ಆ ಕಡೆ ಇಣುಕಿದವನಲ್ಲ. ಆದರೆ ನಮ್ಮೂರಿನ ರೈತರು ಪುಸ್ತಕವಿಲ್ಲದೆಯೇ ಇದನ್ನು ಬಲ್ಲವರು. ತಿಪ್ಪೆಯ ಹಸಿಗೊಬ್ಬರವನ್ನು ಹಾಗೆಯೇ ಹೊಲಕ್ಕೆ ಹಾಕಿದರೆ ಪೈರು ಸುಡುತ್ತದೆಂದು ಅದನ್ನು ತಿಂಗಳುಗಟ್ಟಲೆ ಕಳಿಯಲು ಬಿಡುತ್ತಾರೆ.

ಹೊಸ ತೊಟ್ಟಿಯಲ್ಲಿ ಈ ಜೀವಾಣುಗಳು ಬೆಳೆದು ನೆಲೆಗೊಳ್ಳುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಂಗಡಿಯವನು ಸುಲಭದ ದಾರಿಯೊಂದನ್ನು ಹೇಳಿದ. ಡ್ಯಾಮ್ಸೆಲ್ ಎಂಬ ಗಟ್ಟಿ ಜಾತಿಯ ಮೀನನ್ನು ಮೊದಲು ಬಿಡಿ. ಅದರ ಹೊಲಸಿನಿಂದಲೇ ನೀರು ಹದವಾಗುತ್ತದೆ. ಉಳಿದರೆ ಉಳಿಯಿತು, ಸತ್ತರೆ ಅಗ್ಗದ ಮೀನು. ಈ ಪದ್ಧತಿ ಹಿಂದೆ ಲೋಕದ ಎಲ್ಲೆಡೆ ಇತ್ತಂತೆ. ನೀರು ಹದಗೊಳಿಸಲು ಒಂದು ಜೀವವನ್ನು ವಿಷದಲ್ಲಿ ಇಳಿಬಿಡುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಬೇಡವೆಂದೆ. ಹುಡುಗ ಎರಡು ದಿನ ನನ್ನೊಡನೆ ಮಾತು ಬಿಟ್ಟ. ಬರಿಯ ನೀರನ್ನು ಒಂದೂವರೆ ತಿಂಗಳು ನೋಡುತ್ತ ಕೂರುವ ಅಜ್ಜನ ಬಗ್ಗೆ ಅವನು ತಾಯಿಯ ಬಳಿ ಏನು ದೂರಿದನೋ ತಿಳಿಯದು.

ಮೀನಿಲ್ಲದಿದ್ದರೆ ಅಮೋನಿಯ ಎಲ್ಲಿಂದ ಬರಬೇಕು? ಸಿಗಡಿಯ ತುಂಡೊಂದನ್ನು ಹಾಕಿ ಕೊಳೆಯಬಿಡುವುದುಂಟು. ನಮ್ಮದು ಶಾಕಾಹಾರಿ ಮನೆ. ನನ್ನ ಮನೆಯವರು ಆ ಮಾತನ್ನೇ ಎತ್ತಗೊಡಲಿಲ್ಲ. ಇನ್ನೊಂದು ಉಪಾಯ ಅಮೋನಿಯಂ ಕ್ಲೋರೈಡು. ಅದರ ಹೆಸರನ್ನು ನಿಘಂಟಿನಲ್ಲಿ ನೋಡಿದಾಗ ನನಗೆ ಆದ ಸಂತೋಷ ಹೇಳತೀರದು. ಅದು ನಮ್ಮ ನವಸಾಗರ! ಕಲಾಯಿಯವನು ಬೀದಿಯಲ್ಲಿ ತಿದಿ ಹೂಡಿ, ಕಾದ ಹಿತ್ತಾಳೆಯ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದಾಗ ಏಳುತ್ತಿದ್ದ ಬಿಳಿಯ ಹೊಗೆ, ಮೂಗಿಗೆ ಬಡಿಯುತ್ತಿದ್ದ ಆ ಘಾಟು ನಮ್ಮ ವಯಸ್ಸಿನವರಿಗೆಲ್ಲ ನೆನಪಿರಬೇಕು. ಕಲಾಯಿಯ ಗಟ್ಟಿಯಲ್ಲಿ ಬೇರೆ ಕಲ್ಮಷಗಳಿರಬಹುದಾದುದರಿಂದ ಪ್ರಯೋಗಶಾಲೆಯ ಶುದ್ಧ ಪುಡಿಯನ್ನೇ ತರಿಸಿದೆವು. 50 ಲೀಟರಿಗೆ ಒಂದು ಗ್ರಾಮಿನ ಮೂರನೆಯ ಒಂದು ಭಾಗ ಸಾಕು. ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯ ಆಗುತ್ತದೆ.

ಬಳಿಕ ಕಾಯುವ ಕೆಲಸ. ಪರೀಕ್ಷೆಯ ಕೊಳವೆಯಲ್ಲಿ ಹನಿ ಹಾಕಿದರೆ ಅಮೋನಿಯವಿರುವ ನೀರು ಹಸಿರಾಗುತ್ತದೆ, ಇಲ್ಲದ ನೀರು ಹಳದಿಯಾಗಿಯೇ ಉಳಿಯುತ್ತದೆ. ಹುಡುಗನ ದಿನಚರಿಯ ಮೊದಲ ಹನ್ನೊಂದು ಪುಟಗಳಲ್ಲಿ ಒಂದೇ ವಾಕ್ಯವಿದೆ: ‘ಇವತ್ತೂ ಏನೂ ಆಗಿಲ್ಲ.’ ಹಸಿರು ಎಂಬುದರ ಸಕಾರಕ್ಕೆ ಬದಲಾಗಿ ಶಕಾರ ಬರೆಯುವುದು ಮಾತ್ರ ನಾಲ್ಕನೆಯ ಪುಟದಿಂದ ನಿಂತಿತು. ಹನ್ನೆರಡನೆಯ ದಿನ ನೈಟ್ರೈಟಿನ ಕೊಳವೆ ನೇರಳೆಯ ಬಣ್ಣಕ್ಕೆ ತಿರುಗಿತು. ಆ ದಿನ ಅವನು ಅರ್ಧ ಪುಟ ಬರೆದ, ನಾನು ಹೇಳದೆಯೇ.

ಮೂರನೆಯ ವಾರ ಗಾಜಿಗೂ ಮರಳಿಗೂ ಕಂದು ಪಾಚಿ ಹತ್ತಿಕೊಂಡು ಸೊಸೆಗೆ ಗಾಬರಿಯಾಯಿತು. ಅದು ಹೊಸ ತೊಟ್ಟಿಗಳಲ್ಲಿ ಬಂದು ಹೋಗುವ ಅತಿಥಿ. ಅದಕ್ಕಿಂತ ನನಗೆ ಭಯವಿದ್ದುದು ವಿದ್ಯುತ್ತಿನದು. ಮಳೆಗಾಲದಲ್ಲಿ ನಮ್ಮ ಬಡಾವಣೆಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಪಂಪು ನಿಂತರೆ ಆಮ್ಲಜನಕವಿಲ್ಲದೆ ಈ ಜೀವಾಣುಗಳೂ ಉಸಿರುಕಟ್ಟುತ್ತವೆ. ಬ್ಯಾಟರಿಯಿಂದ ಗಾಳಿ ಊದುವ ಸಣ್ಣ ಯಂತ್ರವೊಂದನ್ನು ಮಗ ತಂದಿಟ್ಟ. ಒಂದು ರಾತ್ರಿ ಐದು ಗಂಟೆ ಅದೇ ನಡೆಯಿತು. ಮೀನೇ ಇಲ್ಲದ ತೊಟ್ಟಿಯ ಪಕ್ಕದಲ್ಲಿ ಮೂರು ತಲೆಮಾರಿನವರು ಟಾರ್ಚು ಹಿಡಿದು ಕುಳಿತಿದ್ದನ್ನು ನೋಡಿ ನನ್ನ ಮನೆಯವರು, ‘ಹೆಪ್ಪು ಹಾಕಿದ ಹಾಲಿಗೆ ಇಷ್ಟು ಕಾವಲ ಯಾರೂ ಕಾದಿಲ್ಲ’ ಎಂದರು. ಅವರ ಮಾತು ವಿಜ್ಞಾನಕ್ಕೆ ಬಹಳ ಸಮೀಪದ್ದು. ಹಳೆಯ ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕಿದ್ದರೆ ಅದೇ ನಮಗೆ ಹೆಪ್ಪಾಗುತ್ತಿತ್ತು. ನಮ್ಮ ಪರಿಚಯದವರಲ್ಲಿ ಯಾರ ಮನೆಯಲ್ಲೂ ಉಪ್ಪುನೀರಿನ ತೊಟ್ಟಿ ಇರಲಿಲ್ಲ.

ಮೂವತ್ತನಾಲ್ಕನೆಯ ದಿನ, ಹಿಂದಿನ ದಿನ ಹಾಕಿದ ನವಸಾಗರವೆಲ್ಲ ಒಂದೇ ರಾತ್ರಿಯಲ್ಲಿ ಕರಗಿತ್ತು. ಅಮೋನಿಯ ಸೊನ್ನೆ, ನೈಟ್ರೈಟು ಸೊನ್ನೆ, ನೈಟ್ರೇಟು ಮಾತ್ರ ಕೆಂಪಗೆ. ಅರ್ಧ ನೀರು ಬದಲಿಸಿ, ಮೊದಲು ಎರಡು ಶಂಖದ ಹುಳುಗಳನ್ನೂ ಎರಡು ವಾರದ ಮೇಲೆ ಒಂದು ಜೊತೆ ಕ್ಲೌನ್ ಮೀನುಗಳನ್ನೂ ಬಿಟ್ಟೆವು. ಕಡಲಿನಿಂದ ಹಿಡಿದವಲ್ಲ, ಸಾಕಣೆಯಲ್ಲಿ ಹುಟ್ಟಿದವು; ಅವುಗಳನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ.

ಹವಳ ಮಾತ್ರ ಬರಲಿಲ್ಲ. ದಿಬ್ಬ ಕಟ್ಟುವ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲಿ. ಕದ್ದು ಮಾರುವವರು ಇದ್ದಾರೆ; ನಮ್ಮ ಮನೆಗೆ ಬೇಡ. ನಮ್ಮ ತೊಟ್ಟಿಯಲ್ಲಿರುವುದು ಸುಟ್ಟ ಮಣ್ಣಿನ ರಂಧ್ರಗಳುಳ್ಳ ಕಲ್ಲು. ನಿಜವಾದ ಹವಳ ವಾಸ್ಕೋದ ಎದುರಿನ ಗ್ರಾಂಡೆ ದ್ವೀಪದ ಸುತ್ತಲೂ, ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲೂ ಇದೆ. ಈಜು ಕಲಿತು ಹೋಗಿ ನೋಡು ಎಂದು ಹುಡುಗನಿಗೆ ಹೇಳಿದ್ದೇನೆ. ಅವನು ಈಜಿನ ತರಗತಿಗೆ ಸೇರಿದ್ದಾನೆ.

ಈ ಜನವರಿಯಲ್ಲಿ ಕೆಳಗಿನ ಮನೆಯ ಗದಗಿನ ಕುಟುಂಬದವರು ತಾವೂ ತೊಟ್ಟಿ ಇಟ್ಟರು. ನಮ್ಮ ತೊಟ್ಟಿಯ ಸ್ಪಂಜಿನ ಅರ್ಧವನ್ನು ಕತ್ತರಿಸಿ, ಉಪ್ಪುನೀರು ತುಂಬಿದ ಡಬ್ಬಿಯಲ್ಲಿ ಮೊಮ್ಮಗ ಒಯ್ದುಕೊಟ್ಟ. ಜೊತೆಗೆ ಒಂದು ಖಾಲಿ ನೋಟುಬುಕ್ಕನ್ನೂ. ಅವರಲ್ಲಿ ಹನ್ನೊಂದನೆಯ ದಿನಕ್ಕೇ ಎರಡೂ ಕೊಳವೆಗಳು ಸೊನ್ನೆ ತೋರಿಸಿದವು. ಆ ಮನೆಯ ಹುಡುಗಿಗೆ ಒತ್ತಕ್ಷರ ಇನ್ನೂ ಸರಿಯಾಗಿ ಬರುವುದಿಲ್ಲವೆಂದು ನಮ್ಮವನು ಬಹಳ ಗಂಭೀರವಾಗಿ ನನಗೆ ವರದಿ ಮಾಡಿದ್ದಾನೆ.