ಪಿಸ್ಟನ್ ತಾತ

ಅಂಗಡಿಗೆ ಹೋಗಿ ಸಾಮಾನು ಕೊಂಡು ತರುವವರ ಬಗ್ಗೆ ನನಗೆ ಅಂಥ ಕುತೂಹಲವೇನಿಲ್ಲ. ಹೋಗಿ, ಮುಟ್ಟಿ, ಎತ್ತಿ ತೂಕ ನೋಡಿ, ಬೆಲೆ ಕೇಳಿ, ‘ಬರ್ತೀನಿ’ ಅಂತ ಹೇಳಿ ಬರಿಗೈಲಿ ಹಿಂತಿರುಗುವವರಿದ್ದಾರಲ್ಲ, ಅವರೇ ನನ್ನ ಬಳಗ. ಆ ಬಳಗದ ಹಿರಿಯರೊಬ್ಬರು ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ಊರಂಚಿನಲ್ಲಿ, ನಮ್ಮ ಬೇಲಿಯ ಆಚೆ ವಾಸವಾಗಿದ್ದಾರೆ. ಎಪ್ಪತ್ತೈದು ದಾಟಿದವರು. ನಾವು ಈ ಬಡಾವಣೆಗೆ ಬಂದಾಗಿನಿಂದ ಅವರು ಒಂದೇ ವಿಷಯವನ್ನು ತೀರ್ಮಾನ ಮಾಡುತ್ತಿದ್ದಾರೆ: ಪಿಸ್ಟನ್ ಇರುವ ಸೆಮಿ ಆಟೊಮ್ಯಾಟಿಕ್ ರೈಫಲ್ ಒಂದನ್ನು ಕೊಳ್ಳಬೇಕೋ, ಬೇಡವೋ. ನನ್ನ ಮಗಳು ಸಣ್ಣವಳಿದ್ದಾಗಲೇ ಅವರಿಗೆ ಪಿಸ್ಟನ್ ತಾತ ಅಂತ ಹೆಸರಿಟ್ಟಳು. ಅರ್ಥ ಕೇಳಿ ತಿಳಿದುಕೊಂಡ ಮೇಲೆ ಅವರೂ ಒಪ್ಪಿಕೊಂಡರು. ಈಗ ನಮಗೆ ಫೋನ್ ಮಾಡಿದಾಗಲೆಲ್ಲ ‘ಪಿಸ್ಟನ್ ಟಾಟಾ ಸ್ಪೀಕಿಂಗ್’ ಎಂದೇ ಶುರು ಮಾಡುತ್ತಾರೆ.

ಅವರ ಬಳಿ ರೈಫಲ್ ಇಲ್ಲವೆಂದಲ್ಲ. ಎಆರ್-15 ಒಂದಿದೆ. ಯೂಜೀನ್ ಸ್ಟೋನರ್ ಎಂಬ ಎಂಜಿನಿಯರು 1950ರ ದಶಕದಲ್ಲಿ ರೂಪಿಸಿದ್ದು. ಶನಿವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹಳೇ ಟವೆಲ್ಲು ಹಾಸಿ, ಅದನ್ನು ಬಿಚ್ಚಿ ಹರವಿಕೊಂಡು, ತಾತ ನನಗೆ ಪಾಠ ಮಾಡುತ್ತಾರೆ. ಈಡು ಹಾರಿದಾಗ ಗುಂಡಿನ ಬೆನ್ನಿಗೇ ಬಿಸಿ ಅನಿಲ ನುಗ್ಗುತ್ತದಷ್ಟೆ. ಅದರಲ್ಲಿ ಒಂದು ಪಾಲು ನಳಿಗೆಯ ಸಣ್ಣ ತೂತಿನಿಂದ ತಪ್ಪಿಸಿಕೊಂಡು, ತೆಳ್ಳನೆಯ ಉಕ್ಕಿನ ಕೊಳವೆಯಲ್ಲಿ ಹಿಂದಕ್ಕೋಡಿ ಬಂದು, ಬೋಲ್ಟನ್ನು ಹೊತ್ತ ಭಾಗವನ್ನು ತಳ್ಳುತ್ತದೆ. ಖಾಲಿ ತೋಟಾ ಚಿಮ್ಮುತ್ತದೆ, ಹೊಸದು ಬಂದು ಕೂರುತ್ತದೆ. ಆದರೆ ಅನಿಲದ ಜೊತೆ ಬಂದ ಕಾವು, ಮಸಿ ಎಲ್ಲ ಬಂದೂಕಿನ ಹೊಟ್ಟೆಯಲ್ಲೇ ಉಳಿಯಿತು. ‘ಉಂಡ ಎಲೆಯಲ್ಲೇ ಗಲೀಜು ಮಾಡೋ ಬುದ್ಧಿ ಇದರದು’ ಅನ್ನುವುದು ತಾತನ ದೂರು. ಬೋಲ್ಟಿನ ಬಾಲದ ಮೇಲೆ ಗಟ್ಟಿಯಾಗಿ ಕೂತ ಕರಿಯನ್ನು ಹಿತ್ತಾಳೆಯ ಚೂರಿನಿಂದ ಕೆರೆದು, ದೀಪದ ಹತ್ತಿರ ಹಿಡಿದು ತಿರುಗಿಸಿ ನೋಡಿ, ತೃಪ್ತಿಯಾಗದೆ ಮತ್ತೆ ಕೆರೆಯುತ್ತಾರೆ. ಹಳೇ ಟೂತ್‌ಬ್ರಷ್ಷು, ಹರಿದ ಬನಿಯನ್ ತುಂಡು, ಬಾಳೆಹಣ್ಣಿನ ವಾಸನೆ ಬೆರೆತ ಹಾಪೀಸ್ ನಂಬರ್ 9 ದ್ರಾವಣ. ಆ ವಾಸನೆಗೆ ನನ್ನ ಹೆಂಡತಿ ಶನಿವಾರದ ವಾಸನೆ ಅನ್ನುತ್ತಾಳೆ. ನಾನು ಮನೆಗೆ ಬಂದು ಅಂಗಿ ಬಿಚ್ಚುವವರೆಗೂ ಮಾತಾಡುವುದಿಲ್ಲ.

ಪಿಸ್ಟನ್ ಬಂದೂಕಿನಲ್ಲಿ ಅನಿಲ ಮುಂದುಗಡೆಯೇ ಒಂದು ದಂಡವನ್ನು ಗುದ್ದುತ್ತದೆ, ದಂಡ ಹಿಂದಿನದನ್ನು ಗುದ್ದುತ್ತದೆ. ಮಸಿ ಹೊಸಿಲು ದಾಟುವುದಿಲ್ಲ. ಕಲಾಶ್ನಿಕೋವನ ಎಕೆ-47 ಹೀಗೆಯೇ. 1936ರಲ್ಲಿ ಅಮೆರಿಕದ ಸೇನೆಗೆ ಸೇರಿದ ಎಂ1 ಗರಾಂಡ್ ಹೀಗೆಯೇ. ನಮ್ಮೂರ ಬ್ಯಾಂಕಿನ ಮುಂದೆ, ಚುನಾವಣೆಯ ಬೂತಿನ ಮುಂದೆ ಪೊಲೀಸಿನವರು ಹೆಗಲಿಗೆ ಹಾಕಿಕೊಂಡು ತೂಕಡಿಸುತ್ತಿದ್ದರಲ್ಲ, ಆ ಉದ್ದನೆಯ ಎಸ್‌ಎಲ್‌ಆರ್ ಕೂಡ ಹೀಗೆಯೇ. ಈ ಕೊನೆಯದನ್ನು ನಾನು ಹೇಳಿದಾಗ ತಾತನಿಗಾದ ಸಂತೋಷ ಅಷ್ಟಿಷ್ಟಲ್ಲ. ಭಾರತವೂ ತಮ್ಮ ಪಕ್ಷಕ್ಕೆ ಬಂತಲ್ಲ!

‘ಹಾಗಾದ್ರೆ ಕೊಂಡುಬಿಡಿ’ ಅಂದೆ.

ಆಗ ಹಳದಿ ಹಾಳೆಯ ಪುಸ್ತಕ ಹೊರಬಂತು. ನಡುವೆ ಗೆರೆ. ಎಡಗಡೆ ಪಿಸ್ಟನ್ನಿನ ಗುಣ, ಬಲಗಡೆ ದೋಷ. ಮೂತಿ ಭಾರ. ದಂಡ ಮೇಲಿನಿಂದ ಗುದ್ದುವುದರಿಂದ ಒಳಗಿನ ಭಾಗ ಓರೆಯಾಗಿ ಬಾಲ ಸವೆಯುವ ಸಂಭವ. ಒಂದು ಕಂಪನಿಯ ಪಿಸ್ಟನ್ ಇನ್ನೊಂದು ಕಂಪನಿಯ ಬಂದೂಕಿಗೆ ಕೂರುವುದಿಲ್ಲ. ಕಂಪನಿ ಬಾಗಿಲು ಹಾಕಿದರೆ ಬಿಡಿಭಾಗಕ್ಕೆ ಯಾರ ಕಾಲು ಹಿಡಿಯುವುದು? ಸಾಲದ್ದಕ್ಕೆ ಸ್ಟೋನರ್ ಮಹಾಶಯನೇ ಎರಡು ಕಡೆಗೂ ಸಾಕ್ಷಿ ಹೇಳಿದ್ದಾನೆ. ಕೊಳವೆಯ ಬಂದೂಕು ಮಾಡಿ ಹೆಸರಾದವನು, 1963ರಲ್ಲಿ ತನ್ನದೇ ಹೆಸರು ಹೊತ್ತ ಬಂದೂಕಿಗೆ ಪಿಸ್ಟನ್ ಹಾಕಿದ! 1990ರಲ್ಲಿ ಸ್ಟೋನರ್ ಮತ್ತು ಕಲಾಶ್ನಿಕೋವ್ ಅಮೆರಿಕದಲ್ಲಿ ಭೇಟಿಯಾಗಿ, ಪರಸ್ಪರರ ಬಂದೂಕು ಹಾರಿಸಿ ನೋಡಿದ್ದರು. ಆ ದಿನ ಅಲ್ಲಿ ತಾನೊಬ್ಬ ಇದ್ದಿದ್ದರೆ ಎರಡು ಪ್ರಶ್ನೆಯಲ್ಲಿ ಎಲ್ಲ ಇತ್ಯರ್ಥವಾಗುತ್ತಿತ್ತು ಎಂಬುದು ತಾತನ ಹಳಹಳಿ. ನನಗೆ ಹಾಗನ್ನಿಸುವುದಿಲ್ಲ. ಅವರಿಬ್ಬರನ್ನೂ ಕೂರಿಸಿಕೊಂಡು ಹಳದಿ ಪುಸ್ತಕ ಬಿಚ್ಚುತ್ತಿದ್ದರು, ಅಷ್ಟೆ.

ಈ ಜಾತಿಯ ಮನುಷ್ಯರನ್ನು ನಾನು ಮೊದಲು ಕಂಡದ್ದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ. ದೊಡ್ಡಪ್ಪನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಕೇಪಿನ ಕೋವಿ ಇತ್ತು. ಮದ್ದು ಸುರಿದು, ಚರೆ ಹಾಕಿ, ತೆಂಗಿನ ನಾರು ತುರುಕಿ, ಗಜದಲ್ಲಿ ಜಡಿದು, ಕೇಪು ಕೂರಿಸಿ, ಕುದುರೆ ಎತ್ತುವ ಹೊತ್ತಿಗೆ ಮಂಗಗಳು ಎಳನೀರು ಕುಡಿದು ಮುಗಿಸಿ ಪಕ್ಕದ ತೋಟದಲ್ಲಿರುತ್ತಿದ್ದವು. ದೊಡ್ಡಪ್ಪ ಯಾವತ್ತೂ ಪ್ರಾಣಿಯ ಮೇಲೆ ಗುರಿ ಇಟ್ಟವರಲ್ಲ. ಆಕಾಶಕ್ಕೆ ಒಂದು ಈಡು, ಅದರ ಹಿಂದೆ ಹತ್ತು ಬೈಗುಳ. ಮಂಗಗಳು ಬೈಗುಳಕ್ಕೇ ಹೆಚ್ಚು ಹೆದರುತ್ತಿದ್ದವೆಂದು ನನ್ನ ಗುಮಾನಿ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀತಿ ತರಬೇಕು. ನೀತಿ ಸಂಹಿತೆ ಜಾರಿಯಾದ ಸುದ್ದಿ ನಮಗಿಂತ ಮೊದಲು ಕಾಡಿಗೆ ಮುಟ್ಟುತ್ತಿತ್ತೋ ಏನೋ, ಮತ ಎಣಿಕೆ ಮುಗಿಯುವವರೆಗೆ ತೋಟದಲ್ಲಿ ಮಂಗಗಳದೇ ಸರ್ಕಾರ. ಹಂದಿಗಳು ಬೆಂಬಲ ಕೊಡುತ್ತಿದ್ದವು.

ದೊಡ್ಡಪ್ಪನಿಗೂ ಒಂದು ಆಸೆ. ಕೇಪಿನ ಕೋವಿ ಕೊಟ್ಟು ತೋಟಾ ಕೋವಿ ತರಬೇಕು. ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿಯುವ ರಗಳೆ ಇಲ್ಲ; ತೋಟಾ ತುರುಕು, ಮಡಚು, ಹೊಡಿ. ಅದಕ್ಕಾಗಿ ಶಿವಮೊಗ್ಗಕ್ಕೆ ಹೋಗುತ್ತಿದ್ದರು. ಒಂಟಿ ನಳಿಗೆಯೋ ಜೋಡಿ ನಳಿಗೆಯೋ ಎಂಬಲ್ಲಿ ಮಾತು ನಿಂತು, ಸಂಜೆ ಬಸ್ಸಿಗೆ ಬೇರೇನನ್ನೋ ಹಿಡಿದು ಬರುತ್ತಿದ್ದರು. ನಮ್ಮ ಮನೆಯ ದೊಡ್ಡ ರೇಡಿಯೊ, ಗೋಡೆ ಗಡಿಯಾರ, ದೊಡ್ಡಮ್ಮನ ಕುಕ್ಕರು ಎಲ್ಲವೂ ಕೊಳ್ಳದೆ ಉಳಿದ ಕೋವಿಯ ದುಡ್ಡಿನವು. ‘ಇವರು ಕೋವಿ ತರೋದೇ ಬೇಡ, ತರೋಕೆ ಹೋಗ್ತಾ ಇರ್ಲಿ’ ಅಂತ ದೊಡ್ಡಮ್ಮ ಅಡುಗೆಮನೆಯಿಂದ ಹೇಳುತ್ತಿದ್ದರು. ದೊಡ್ಡಪ್ಪ ತೀರಿಕೊಂಡ ಮೇಲೆ ಕೇಪಿನ ಕೋವಿ ಠಾಣೆ ಸೇರಿತು. ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದಿತ್ತು. ಅಣ್ಣಂದಿರು ಬೆಂಗಳೂರಿನ ಫ್ಲ್ಯಾಟುಗಳಲ್ಲಿದ್ದರು. ಅಲ್ಲಿ ಮಂಗ ಬಂದರೆ ಫೋಟೊ ತೆಗೆಯುತ್ತಾರೆ. ಯಾರೂ ಅರ್ಜಿ ಹಾಕಲಿಲ್ಲ.

ಟೆಕ್ಸಾಸಿನಲ್ಲಿ ಹಂದಿಯ ಕಾಟ ನಮ್ಮ ಕಡೆಗಿಂತ ಹೆಚ್ಚು. ಹಿಂದೆಂದೋ ಯುರೋಪಿನವರು ತಂದ ಸಾಕುಹಂದಿಗಳು ಕಾಡು ಬಿದ್ದು ಬೆಳೆದ ಸಂಸಾರ. ರಾತ್ರಿ ಬೆಳಗಾಗುವುದರೊಳಗೆ ಹೊಲವನ್ನು ಉತ್ತು ಹೋಗುತ್ತವೆ. 2011ರಿಂದ ಅವನ್ನು ಹೆಲಿಕಾಪ್ಟರಿನಲ್ಲಿ ಕೂತು ಹೊಡೆಯಲು ದುಡ್ಡು ಕೊಟ್ಟು ಹೋಗಬಹುದೆಂಬ ಕಾನೂನಿದೆ. 2019ರಿಂದ ಖಾಸಗಿ ಜಮೀನಿನಲ್ಲಾದರೆ ಬೇಟೆಯ ಲೈಸೆನ್ಸೂ ಬೇಡ. ದೊಡ್ಡಪ್ಪನಿಗೆ ಇದನ್ನು ಹೇಳಿದ್ದರೆ ಎಲೆಯಡಿಕೆ ಉಗಿದು ಬಂದು ಇನ್ನೊಮ್ಮೆ ಹೇಳಿಸುತ್ತಿದ್ದರು. ತಾತನಿಗೂ ರೈಫಲ್ ಕೊಳ್ಳಲು ಅಧಿಕೃತ ಕಾರಣ ಹಂದಿಯೇ. ಆದರೆ ಅವರಿಗೆ ಹೊಲವಿಲ್ಲ. ಇರುವುದು ನಾಲ್ಕು ಟೊಮೆಟೊ ಗಿಡ. ಅವನ್ನು ತಿನ್ನುವುದು ಅಳಿಲು.

ನಿಜವಾದ ಕಾರಣ ಬೇರೆ ಇರಬೇಕು. ಹತ್ತೊಂಬತ್ತರ ವಯಸ್ಸಿಗೆ ಅವರನ್ನು ವಿಯೆಟ್ನಾಂ ಯುದ್ಧಕ್ಕೆ ಕಳಿಸಿದ್ದರು. ಇದೇ ವಂಶದ ಎಂ16 ಅಲ್ಲಿ ಮದ್ದಿನ ಬಗೆ ಬದಲಾಗಿ, ಚೇಂಬರಿಗೆ ಕ್ರೋಮ್ ಲೇಪವಿಲ್ಲದೆ, ಶುಚಿ ಮಾಡುವ ಸಾಮಾನು ಸಾಕಷ್ಟು ಸಿಗದೆ, ಗುಂಡಿನ ಚಕಮಕಿಯ ನಡುವೆ ಕಚ್ಚಿಕೊಂಡು ನಿಲ್ಲುತ್ತಿದ್ದ ಕಾಲ ಅದು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು, ಆಮೇಲೆ ದೋಷಗಳನ್ನು ತಿದ್ದಿದರು. ತಪ್ಪೆಲ್ಲ ಆ ಪಾಪದ ಕೊಳವೆಯದೇ ಅಲ್ಲವೆಂದು ತಾತನಿಗೆ ನನಗಿಂತ ಚೆನ್ನಾಗಿ ಗೊತ್ತು. ಬಲಗಡೆಯ ಅಂಕಣದಲ್ಲಿ ತಾವೇ ಬರೆದುಕೊಂಡಿದ್ದಾರೆ. ಆದರೂ ಬೋಲ್ಟನ್ನು ಕೆರೆಯುವಾಗ ಅವರ ಮುಖ ನೋಡಬೇಕು. ಯಾರೋ ಹೊರಗೆ ಕಾಯುತ್ತಿದ್ದಾರೇನೋ ಎಂಬಷ್ಟು ಅವಸರ ಆ ಬೆರಳುಗಳಿಗೆ. ‘ಅವತ್ತು ಜೊತೆಗೆ ಯಾರಿದ್ದರು?’ ಅಂತ ಒಮ್ಮೆ ಕೇಳಿದೆ. ‘ಕಾಫಿಗೆ ಹಾಲು ಹಾಕಲೇ?’ ಅಂದರು. ಅವರ ಮನೆಯಲ್ಲಿ ಹಾಲಿರುವುದಿಲ್ಲ.

2022ರ ಮೇ 24ರಂದು, ನಮ್ಮಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ದಾರಿಯ ಯುವಾಲ್ಡಿಯ ಶಾಲೆಯೊಂದರಲ್ಲಿ 19 ಮಕ್ಕಳು, 2 ಶಿಕ್ಷಕಿಯರು ಕೊಲೆಯಾದರು. ಕೊಂದವನ ಕೈಯಲ್ಲಿದ್ದದ್ದೂ ಎಆರ್ ಮಾದರಿಯ ರೈಫಲ್ಲೇ. ಆ ಶನಿವಾರ ನಾನು ಬೇಲಿ ದಾಟಲಿಲ್ಲ, ಅವರೂ ಕರೆಯಲಿಲ್ಲ. ಮಗಳನ್ನು ಶಾಲೆಗೆ ಬಿಟ್ಟು ಗೇಟಿನ ಬಳಿ ಸುಮ್ಮನೆ ನಿಂತಿರುತ್ತಿದ್ದೆ. ಮುಂದಿನ ವಾರ ಲಾರಿಯೊಂದು ಬಂದು ತಾತನ ಗ್ಯಾರೇಜಿಗೆ ಆಳೆತ್ತರದ ಕಬ್ಬಿಣದ ಪೆಟ್ಟಿಗೆ ಇಳಿಸಿತು. ಹಳದಿ ಪುಸ್ತಕ ಬಿಚ್ಚದೆ, ಎರಡು ಅಂಗಡಿ ತಿರುಗದೆ, ಯಾರನ್ನೂ ಕೇಳದೆ ಅವರು ಕೊಂಡ ಒಂದೇ ವಸ್ತು ಅದು. ಬಹಳ ದಿನ ನಾವು ಟೊಮೆಟೊ ಬಗ್ಗೆ ಮಾತ್ರ ಮಾತಾಡಿದೆವು.

ಮತ್ತೆ ಪಿಸ್ಟನ್ ಮಾತು ಬಂದಾಗ ನನ್ನ ಹೆಂಡತಿಗೇ ಸಮಾಧಾನವಾಯಿತು. ‘ಪಾಪ, ಸುಧಾರಿಸಿಕೊಂಡ್ರು’ ಅಂದಳು. ಅವಳು ಬಂದೂಕಿನ ಕಡೆಯವಳಲ್ಲ. ನನಗೆ ಗ್ರೀನ್ ಕಾರ್ಡ್ ಬಂದ ವಾರ, ಇನ್ನು ನಾನೂ ಅಂಗಡಿಯಲ್ಲಿ ಫಾರಂ ತುಂಬಿ ಬಂದೂಕು ಕೊಳ್ಳಬಹುದು ಅಂತ ತಮಾಷೆಗೆ ಹೇಳಿದ್ದಕ್ಕೆ, ‘ಮನೇಲಿ ಈಳಿಗೆಮಣೆ ಇದೆ, ಸಾಕು’ ಎಂದು ವಿಷಯ ಮುಗಿಸಿದ್ದಳು.

ಹೋದ ಚಳಿಗಾಲದ ಒಂದು ಶನಿವಾರ ತಾತ ಪುಸ್ತಕದ ಬಲಗಡೆ ಹೊಸ ಸಾಲೊಂದನ್ನು ಬರೆದು ನನ್ನ ಕಡೆ ತಿರುಗಿಸಿದರು. ‘ನನ್ನ ನಂತರ?’ ಅಂತ ಇತ್ತು. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಇಂಥ ಬಂದೂಕನ್ನು ಇದ್ದಂತೆಯೇ ಅಲ್ಲಿನ ಕಾನೂನು ಒಳಗೆ ಬಿಡುವುದಿಲ್ಲ. ಬಿಟ್ಟರೂ ಮಗ ಬಿಡುವುದಿಲ್ಲ. ‘ಹರಾಜಿನವನು ಮೇಜಿನ ಮೇಲಿಟ್ಟು ಚೀಟಿ ಅಂಟಿಸುತ್ತಾನೆ. ಎಷ್ಟು ಯೋಚನೆ ಮಾಡಿ ಕೊಂಡದ್ದು ಅಂತ ಅವನಿಗೇನು ಗೊತ್ತು?’ ಅಂದರು. ಆಮೇಲೆ ಬನಿಯನ್ ತುಂಡನ್ನು ನಾಲ್ಕು ಮಡಿಕೆ ಮಾಡುತ್ತ, ‘ನೀನು ಇಟ್ಟುಕೊಳ್ಳುತ್ತೀಯಾ?’ ಎಂದರು. ನನಗೆ ತೀರ್ಥಹಳ್ಳಿಯ ಠಾಣೆ ನೆನಪಾಯಿತು. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ.

ಮನೆಯಲ್ಲಿ ಕೇಳಿದೆ. ಈಳಿಗೆಮಣೆಯ ಮುಂದೆ ಕೂತಿದ್ದ ಹೆಂಡತಿ ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ನನ್ನನ್ನು ನೋಡಿದಳು. ‘ಹೂಂ ಅನ್ನಿ. ಮೊದಲು ಅವರು ಕೊಳ್ಳಲಿ. ಕೊಳ್ಳೋವರೆಗೂ ಇರ್ತಾರಲ್ಲ’ ಅಂದಳು. ಅವಳ ಲೆಕ್ಕಾಚಾರದ ಮುಂದೆ ಹಳದಿ ಪುಸ್ತಕ ಯಾವ ಮೂಲೆಗೆ!

ಹೂಂ ಅಂದು ಬಂದೆ. ತಾತ ಎದ್ದು ನಿಂತು ಕೈ ಕುಲುಕಿದರು. ಮೇಜಿನ ಮೇಲಿದ್ದ ಬಿಡಿಭಾಗಗಳನ್ನು ನನ್ನ ಕಡೆಗೆ ತುಸು ಸರಿಸಿದರು. ನಾನು ಬ್ರಷ್ಷು ಎತ್ತಿಕೊಂಡದ್ದನ್ನು ನೋಡಿ ಅವರ ಹುಬ್ಬು ಮೇಲೇರಿತು.

‘ನೀನು ಎಡಚನಾ?’

ಹೌದೆಂದೆ. ಇಷ್ಟು ವರ್ಷ ಅವರು ಅದನ್ನು ಗಮನಿಸಿರಲೇ ಇಲ್ಲ. ನಾನು ಕಾಫಿ ಲೋಟ ಬಿಟ್ಟು ಅಲ್ಲಿ ಬೇರೇನನ್ನೂ ಎತ್ತಿದವನಲ್ಲವಲ್ಲ! ಎಡಗೈಯವರು ಹೊಡೆದರೆ ಕೊಳವೆಯ ಬಂದೂಕಿನ ಹೊಗೆ ನೇರ ಮುಖಕ್ಕೇ ಬರುತ್ತದಂತೆ. ಆ ಲೆಕ್ಕದಲ್ಲಿ ಪಿಸ್ಟನ್ನಿಗೆ ಒಂದು ಅಂಕ ಹೆಚ್ಚು. ಆದರೆ ಖಾಲಿ ತೋಟಾ ಯಾವ ಕಡೆಗೆ ಚಿಮ್ಮುತ್ತದೆ, ಸೇಫ್ಟಿಯ ಗುಂಡಿ ಯಾವ ಹೆಬ್ಬೆರಳಿಗೆ ಸಿಗುತ್ತದೆ, ಎಡಗೈಯವರಿಗೆಂದೇ ಮಾಡಿದ್ದು ಯಾವ ಅಂಗಡಿಯಲ್ಲಿದೆ, ಎಲ್ಲ ನೋಡಬೇಕು. ಅವರು ಪುಸ್ತಕದಲ್ಲಿ ಹೊಸ ಹಾಳೆ ತಿರುವಿ, ಸ್ಕೇಲಿಟ್ಟು ನಡುವೆ ಗೆರೆ ಎಳೆದರು.

‘ಅವಸರ ಬೇಡ, ಮೊದಲಿಂದ ಯೋಚಿಸೋಣ. ಮುಂದಿನ ಶನಿವಾರ ಸ್ವಲ್ಪ ಬೇಗ ಬಾ’ ಅಂದರು.