ಒಣಗಿದ ಗಾಯ, ಮಾಯದ ಗಾಯ

ನಮ್ಮ ಕಡೆ ಗಾಯಕ್ಕೆ ಎರಡು ಮಾತಿವೆ. ‘ಗಾಯ ಮಾಯ್ತು’ ಎನ್ನುತ್ತೇವೆ, ‘ಗಾಯ ಒಣಗಿತು’ ಎಂದೂ ಎನ್ನುತ್ತೇವೆ. ಎರಡೂ ಒಂದೇ ಎಂದು ನಂಬಿ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನೂ ಅರ್ಧ ಆಯುಷ್ಯ ಕಳೆದೆ. ಆ ನಂಬಿಕೆ ಬಿಡಿಸಿದ್ದು ಅಪ್ಪನ ಅಂಗಾಲು.

ಯಲಬುರ್ಗಾ ತಾಲ್ಲೂಕಿನ ನಮ್ಮೂರು ಮಳೆಯನ್ನೇ ನಂಬಿದ ಸೀಮೆ. ಅಪ್ಪ ಜೋಳದ ಹೊಲದಲ್ಲಿ ಬರಿಗಾಲಲ್ಲೇ ನಡೆದು ಬಾಳಿದವ. ಹತ್ತಾರು ವರ್ಷಗಳಿಂದ ಸಕ್ಕರೆ ಕಾಯಿಲೆ ಬೇರೆ. ಒಮ್ಮೆ ಗಂಗಾವತಿಯ ಅಕ್ಕನ ಮನೆಗೆ ಹೋದವನು, ತುಂಗಭದ್ರಾ ಕಾಲುವೆಯ ನೀರುಂಡ ಹಸಿರು ಗದ್ದೆ ಕಂಡು ಹಿಗ್ಗಿ, ಬದುವಿನ ಮೇಲೆಲ್ಲ ತಿರುಗಾಡಿ ಬಂದ. ಎರಡು ದಿನದ ಮೇಲೆ ಹಾಸಿಗೆಯಲ್ಲಿ ರಕ್ತದ ಕಲೆ ಕಂಡವಳು ನನ್ನ ಮಗಳು. ಆಗ ಅವಳು ಒಂಬತ್ತನೆಯ ತರಗತಿ.

‘ಅಜ್ಜಾ, ಕಾಲಿಗೆ ಏನಾಗೈತಿ?’

‘ಏನಿಲ್ಲವಾ, ಜಾಲಿಮುಳ್ಳು ಹೊಕ್ಕಿರಬೇಕು. ನೋವ ಇಲ್ಲ, ಬಿಡು.’

ನೋವಿಲ್ಲದಿರುವುದೇ ಅಪಾಯದ ಸೂಚನೆ ಎಂದು ನಮಗಾರಿಗೂ ಹೊಳೆಯಲಿಲ್ಲ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಹತೋಟಿ ತಪ್ಪಿದರೆ ಪಾದದ ನರಗಳು ಮರಗಟ್ಟುತ್ತವೆ.

ಹೆಬ್ಬೆರಳ ಬುಡದ ಆ ಗಾಯಕ್ಕೆ ಅವ್ವ ಅರಿಷಿಣ ಮೆತ್ತಿದಳು. ದಿನವೂ ಬಿಸಿಲಿಗೆ ಕಾಲು ಚಾಚಿ ಕೂರಿಸಿದೆವು. ಕುಷ್ಟಗಿಗೆ ಹೋಗಿ ಪೌಡರ್ ಉದುರಿಸಿ ಒಣ ಪಟ್ಟಿ ಕಟ್ಟಿಸಿಕೊಂಡು ಬಂದೆವು. ಕಪ್ಪು ಹಕ್ಕಳೆ ಕಟ್ಟಿತು. ‘ಒಣಗಾಕತ್ತೈತಿ’ ಎಂದು ಎಲ್ಲರಿಗೂ ಸಮಾಧಾನ. ಆದರೆ ಪಟ್ಟಿ ಗಾಯಕ್ಕೆ ಅಂಟಿಕೊಂಡು, ಬಿಚ್ಚುವಾಗ ಹೊಸದಾಗಿ ಹುಟ್ಟಿದ ಚರ್ಮವೂ ಕಿತ್ತು ಬರುತ್ತಿತ್ತು. ಅಪ್ಪ ಮಿಸುಕುತ್ತಿರಲಿಲ್ಲ, ನಾನೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಎರಡು ತಿಂಗಳಾದರೂ ಹಕ್ಕಳೆಯ ಕೆಳಗೆ ಗುಳಿ ಹಾಗೆಯೇ ಇತ್ತು. ಕೆಟ್ಟ ವಾಸನೆಯೂ ಬರತೊಡಗಿತು.

ಕೊನೆಗೆ ಕೊಪ್ಪಳಕ್ಕೆ ಓಡಿದೆವು. ಅಲ್ಲಿಯ ವೈದ್ಯರು ಪಾದದ ನಾಡಿ ಮುಟ್ಟಿ ನೋಡಿದರು. ರಕ್ತ ಪರೀಕ್ಷೆ, ಎಕ್ಸ್‌ರೇ ಮಾಡಿಸಿದರು. ‘ಪುಣ್ಯಾ, ಎಲುಬಿಗೆ ಮುಟ್ಟಿಲ್ಲ. ಇನ್ನೂ ತಡಾ ಮಾಡಿದ್ರ ಬೆರಳ ತಗೀಬೇಕಾಗ್ತಿತ್ತು’ ಎಂದರು. ಸತ್ತ ಚರ್ಮವನ್ನು ಕತ್ತರಿಸಿ ತೆಗೆದು, ಟ್ಯೂಬಿನಿಂದ ಲೋಳೆಸರದಂಥ ತಿಳಿಯಾದ ಜೆಲ್ ಹಚ್ಚಿ ಮೇಲೆ ಪಟ್ಟಿ ಕಟ್ಟಿದರು. ಅದರಲ್ಲಿ ಬಹುಪಾಲು ನೀರೇ ಎಂದು ಕೇಳಿ ಅವ್ವ ಗಾಬರಿಯಾದಳು.

‘ಗಾಯಕ್ಕ ನೀರ ಹಚ್ಚತಾರೇನ್ರೀ?’

‘ಒಣ ನೆಲದಾಗ ಬೀಜ ನಾಟತೈತೇನಮ್ಮಾ? ಹದ ಬೇಕಲ್ಲ?’

ಒಕ್ಕಲುತನದ ಅವ್ವನಿಗೆ ಅಷ್ಟು ಸಾಕಾಯಿತು. ನನಗೆ ಮಾತ್ರ ಪುಸ್ತಕ ಹುಡುಕಬೇಕಾಯಿತು. ಗಾಯದ ಅಂಚಿನ ಚರ್ಮಕೋಶಗಳು ತೆವಳಿಕೊಂಡು ಬಂದು ಗಾಯವನ್ನು ಮುಚ್ಚುತ್ತವೆ. ಒಣ ಹಕ್ಕಳೆಯಿದ್ದರೆ ಅದರ ಅಡಿಯಲ್ಲಿ ಹಸಿ ಹುಡುಕುತ್ತ ದಾರಿ ಕೊರೆಯಬೇಕು. ತೇವವಿದ್ದರೆ ಸಲೀಸಾಗಿ ಸಾಗುತ್ತವೆ. ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲೆ ಪ್ರಯೋಗ ಮಾಡಿ, ತೆಳು ಹಾಳೆ ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬೆಳೆಯುತ್ತದೆ ಎಂದು ತೋರಿಸಿದರು. ನೀರನ್ನು ಹೀರಿ ಹಿಡಿದಿಡುವ ಜೆಲ್‌ಗಳು ದೇಹಕ್ಕೆ ಒಗ್ಗುತ್ತವೆಂದು 1960ರಲ್ಲಿ ಬರೆದವರು ಅಂದಿನ ಝೆಕೊಸ್ಲೊವಾಕಿಯಾದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್. ಮರುವರ್ಷ ವಿಖ್ಟರ್ಲೆ ಮಕ್ಕಳ ಆಟಿಕೆಯ ಬಿಡಿಭಾಗ, ಸೈಕಲ್ ಡೈನಮೊ ಜೋಡಿಸಿ ಮನೆಯಲ್ಲೇ ಯಂತ್ರ ಮಾಡಿ, ಅಂಥ ಜೆಲ್‌ನಿಂದ ಕಣ್ಣಿನ ಮೃದು ಲೆನ್ಸ್ ತಯಾರಿಸಿದರು. ಈ ಕಥೆಯನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ.

ಹಾಗೆಂದು ಜೆಲ್ ಮಂತ್ರದ ನೀರಲ್ಲ. ಒಣಗಿ ಬಿರುಸಾದ ಗಾಯಕ್ಕೆ ಅದು ತೇವ ಕೊಟ್ಟು, ಸತ್ತ ಭಾಗವನ್ನು ಮೆತ್ತಗೆ ಮಾಡಿ ಬಿಡಿಸುತ್ತದೆ. ಸದಾ ನೀರೊಸರುವ ಗಾಯಕ್ಕೆ ಅದೇ ಜೆಲ್ ಹಚ್ಚಿದರೆ, ನೀರು ನಿಂತ ಹೊಲದ ಬೇರಿನಂತೆ ಸುತ್ತಲ ಚರ್ಮ ಕೊಳೆತೀತು. ಸೋಂಕಿದ್ದರೆ ಅದರ ಚಿಕಿತ್ಸೆ ಬೇರೆ. ಯಾವ ಗಾಯಕ್ಕೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಸಕ್ಕರೆಯ ಹತೋಟಿ, ಮತ್ತು ಗಾಯದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಡಾ. ಪಾಲ್ ಬ್ರಾಂಡ್ ಕಂಡುಕೊಂಡದ್ದೂ ಇದನ್ನೇ: ನೋವು ಗೊತ್ತಾಗದ ಪಾದ ಗಾಯದ ಮೇಲೆಯೇ ನಡೆದು ನಡೆದು ಹಾಳಾಗುತ್ತದೆ.

ಅಪ್ಪನನ್ನು ಕೂರಿಸುವುದೇ ದೊಡ್ಡ ಕೆಲಸವಾಯಿತು. ‘ಹೊಲಕ್ಕ ಹೋಗದವ ಎಂಥಾ ಒಕ್ಕಲಿಗ?’ ಎಂದು ಸಿಡುಕಿದ. ಮೊಮ್ಮಗಳು ಊರುಗೋಲು ಕೈಗಿತ್ತು ಕಾವಲು ನಿಂತಳು. ಗುಳಿ ತಳದಿಂದ ಕೆಂಪಗೆ ತುಂಬುತ್ತ ಬಂತು. ನಾಲ್ಕು ತಿಂಗಳಿಗೆ ಗುಲಾಬಿ ಬಣ್ಣದ ಚರ್ಮ ಮುಚ್ಚಿಕೊಂಡಿತು. ಬೆರಳು ಉಳಿಯಿತು.

ಅಂದಿನಿಂದ ಮಲಗುವ ಮುನ್ನ ಅವಳು ಅಜ್ಜನ ಅಂಗಾಲಿಗೆ ಕನ್ನಡಿ ಹಿಡಿದು ನೋಡತೊಡಗಿದಳು. ಐದು ನಿಮಿಷದ ಕೆಲಸ. ಸಕ್ಕರೆ ಕಾಯಿಲೆಯ ಹಿರಿಯರಿರುವ ಮನೆಯಲ್ಲಿ ಯಾವ ಮಗುವೂ ಮಾಡಬಹುದು.

‘ನನ್ನ ಕಾಲು ನಿನಗ ಸಾಲಿ ಪುಸ್ತಕ ಆಗೈತಿ’ ಎಂದು ಅಪ್ಪ ಗೊಣಗುತ್ತಿದ್ದ. ಗೊಣಗುತ್ತಲೇ ಎರಡನೆಯ ಕಾಲನ್ನೂ ಮುಂದೆ ಚಾಚುತ್ತಿದ್ದ.