ಒಲೆಯ ಲೆಕ್ಕ

ಕಾಮರ್ಸ್ ಓದುವವರಿಗೆ ಕೆಮಿಸ್ಟ್ರಿಯ ಗೊಡವೆ ಏಕೆ ಎಂದು ಗೆಳೆಯರು ಕೇಳುತ್ತಾರೆ. ಕೆಮಿಸ್ಟ್ರಿ ನಮ್ಮ ಮನೆಗೆ ಬಂದದ್ದು ಆಪಾಳ ಪ್ರಾಕ್ಟಿಕಲ್ ರೆಕಾರ್ಡ್ ಮೂಲಕ. ಕಳೆದ ವರ್ಷ ಸೈನ್ಸ್ ಮುಗಿಸಿದ ಅವಳ ರೆಕಾರ್ಡಿನಲ್ಲಿ ಒಂದು ಪ್ರಯೋಗವಿದೆ. ಆಮ್ಲ ಮತ್ತು ಪ್ರತ್ಯಾಮ್ಲವನ್ನು ಉಷ್ಣ ಹೊರಹೋಗದ ಪಾತ್ರೆಯಲ್ಲಿ ಬೆರೆಸಿ, ಥರ್ಮಾಮೀಟರ್ ಎಷ್ಟು ಏರಿತೆಂದು ನೋಡಬೇಕು. ಆ ಪಾತ್ರೆಗೆ ಕ್ಯಾಲೊರಿಮೀಟರ್ ಎನ್ನುತ್ತಾರೆ. ಉಷ್ಣವನ್ನು ಕಣ್ಣಿನಿಂದ ನೋಡಲಾಗದು, ತಕ್ಕಡಿಯಲ್ಲಿ ತೂಗಲಾಗದು. ಆದರೆ ಅದು ನೀರನ್ನು ಎಷ್ಟು ಬಿಸಿ ಮಾಡಿತು ಎಂಬುದರಿಂದ ಲೆಕ್ಕ ಹಾಕಬಹುದು. ಒಂದು ಗ್ರಾಂ ನೀರು ಒಂದು ಡಿಗ್ರಿ ಸೆಲ್ಸಿಯಸ್ ಏರಲು 4.18 ಜೂಲ್ ಬೇಕು. ನೀರಿನ ತೂಕ, ಈ 4.18, ಏರಿದ ಡಿಗ್ರಿ, ಮೂರನ್ನೂ ಗುಣಿಸಿದರೆ ಆಯಿತು.

ಆ ಪುಟದ ಕೆಳಗೆ ಆಪಾ ಬರೆದಿದ್ದಳು: ಕಳೆದುಕೊಂಡ ಉಷ್ಣ = ಪಡೆದುಕೊಂಡ ಉಷ್ಣ. ಇದು ನಮ್ಮ ಡೆಬಿಟ್ ಮತ್ತು ಕ್ರೆಡಿಟ್ ಅಲ್ಲವೇ? ಒಬ್ಬರು ಕೊಟ್ಟದ್ದು ಇನ್ನೊಬ್ಬರ ಖಾತೆಯಲ್ಲಿ ಇರಲೇಬೇಕು. ಫ್ರಾನ್ಸಿನ ಲಾವೊಸಿಯೆ ಮತ್ತು ಲಾಪ್ಲಾಸ್ 1780ರ ದಶಕದಲ್ಲಿ ಒಂದು ಗಿನಿ ಪಿಗ್ ಅನ್ನು ಮಂಜುಗಡ್ಡೆಯ ನಡುವೆ ಇಟ್ಟು, ಕರಗಿದ ನೀರನ್ನು ಅಳೆದು, ಅದರ ಮೈಯಿಂದ ಹೊರಬಂದ ಉಷ್ಣವನ್ನು ಲೆಕ್ಕ ಹಾಕಿದ್ದರು. ಲಾವೊಸಿಯೆ ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಕಂಪನಿಯ ಪಾಲುದಾರನೂ ಆಗಿದ್ದ. ಲೆಕ್ಕಪತ್ರದ ಮನುಷ್ಯ ಎಂದು ತಿಳಿದು ನನಗೆ ಖುಷಿಯಾಯಿತು.

ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದೆ. ಆದರೆ ಅದು ಚಹಾಕ್ಕೆ ಮತ್ತು ಮೆಹಮಾನರು ಬಂದಾಗ ಮಾತ್ರ. ಉಳಿದ ಅಡುಗೆಯೆಲ್ಲ ಕಟ್ಟಿಗೆ ಒಲೆಯ ಮೇಲೆ. ದಾದಿ ಹೇಳುವುದು ಒಂದೇ ಮಾತು: "ಲಕಡಿ ಸಸ್ತಿ ಹೈ." ಕಟ್ಟಿಗೆ ಅಗ್ಗ. ಅಮ್ಮಿ ಮಾತಾಡುವುದಿಲ್ಲ, ಊದುಗೊಳವೆ ಹಿಡಿದು ಕೂರುತ್ತಾರೆ. ಮಳೆಗಾಲದಲ್ಲಿ ಶಿಗ್ಗಾಂವಿಯಲ್ಲಿ ಒಣ ಕಟ್ಟಿಗೆ ಸಿಗುವುದು ಕಷ್ಟ. ಆಗ ಹೊಗೆಗೆ ಇಬ್ಬರೂ ಕೆಮ್ಮುತ್ತಾರೆ. ಕಟ್ಟಿಗೆ ನಿಜವಾಗಿ ಅಗ್ಗವೇ ಎಂದು ಅಳೆದು ನೋಡಲು ಆಪಾ ಮತ್ತು ನಾನು ನಿರ್ಧರಿಸಿದೆವು.

ಐದು ಲೀಟರ್ ನೀರನ್ನು ಪಾತ್ರೆಯಲ್ಲಿ ತುಂಬಿ 28 ಡಿಗ್ರಿಯಿಂದ 88 ಡಿಗ್ರಿಗೆ ಕಾಯಿಸಿದೆವು. ನೀರು ಪಡೆದದ್ದು 5000 × 4.18 × 60, ಅಂದರೆ 1254 ಕಿಲೋಜೂಲ್. ಉಳಿದ ಕೊಳ್ಳಿಗಳನ್ನು ಬೂದಿಯಲ್ಲಿ ಆರಿಸಿ ತೂಗಿದಾಗ 750 ಗ್ರಾಂ ಕಟ್ಟಿಗೆ ಉರಿದಿತ್ತು. ಒಣ ಕಟ್ಟಿಗೆ ಕಿಲೋಗೆ ಸುಮಾರು 15,000 ಕಿಲೋಜೂಲ್ ಕೊಡುತ್ತದೆ. ಹಾಗಾದರೆ ಒಲೆ ಖರ್ಚು ಮಾಡಿದ್ದು 11,250. ನೀರಿಗೆ ತಲುಪಿದ್ದು ನೂರಕ್ಕೆ 11 ಮಾತ್ರ!

ಮರುದಿನ ಅದೇ ಪಾತ್ರೆ, ಅಷ್ಟೇ ನೀರು, ಗ್ಯಾಸಿನ ಮೇಲೆ. ಒಂದು ಸಲಕ್ಕೆ ಸುಡುವ ಗ್ಯಾಸ್ ತೀರಾ ಕಡಿಮೆ ಎಂದು ಮೂರು ಸಲ ಕಾಯಿಸಿದೆವು. ಬೀದಿಯ ಕಿರಾಣಿ ಅಂಗಡಿಯಲ್ಲಿ ಚೀಲ ತೂಗುವ ಕಾಂಟಾದ ಮೇಲೆ ಸಿಲಿಂಡರ್ ಇಟ್ಟರೆ 140 ಗ್ರಾಂ ಇಳಿದಿತ್ತು. ಗ್ಯಾಸ್ ಕಿಲೋಗೆ ಸುಮಾರು 46,000 ಕಿಲೋಜೂಲ್ ಕೊಡುತ್ತದೆ. ಲೆಕ್ಕ ಹಾಕಿದರೆ ನೂರಕ್ಕೆ 58 ಭಾಗ ನೀರಿಗೆ ತಲುಪಿತ್ತು.

ಇನ್ನು ರೂಪಾಯಿ ಲೆಕ್ಕ. ನಾವು ಅಡ್ಡೆಯಿಂದ ತರುವ ಕಟ್ಟಿಗೆ ಕಿಲೋಗೆ 8 ರೂಪಾಯಿ. ಐದು ಲೀಟರ್ ಕಾಯಿಸಲು 6 ರೂಪಾಯಿ. ಸಿಲಿಂಡರಿಗೆ 900 ರೂಪಾಯಿ ಎಂದು ಹಿಡಿದರೆ ಗ್ಯಾಸಿನಲ್ಲಿ ಅದೇ ಕೆಲಸಕ್ಕೆ ಸುಮಾರು 3 ರೂಪಾಯಿ. ಕೊಂಡು ಉರಿಸುವ ಕಟ್ಟಿಗೆಯೇ ದುಬಾರಿ.

ಉಳಿದ 89 ಭಾಗ ಎಲ್ಲಿ ಹೋಯಿತು? ಬಿಸಿ ಹೊಗೆಯ ಜೊತೆ ಹೋಯಿತು. ಒಲೆಯ ಗೋಡೆಗೆ, ಸುತ್ತಲಿನ ಗಾಳಿಗೆ ಹೋಯಿತು. ಪೂರ್ತಿ ಉರಿಯದ ಇಂಗಾಲ ಪಾತ್ರೆಯ ತಳಕ್ಕೆ ಮಸಿಯಾಗಿ ಅಂಟಿತು. ಹಸಿ ಕಟ್ಟಿಗೆಯಾದರೆ ಅದರೊಳಗಿನ ಒಂದೊಂದು ಗ್ರಾಂ ನೀರು ಆವಿಯಾಗಲು ಸುಮಾರು 2260 ಜೂಲ್ ಮೊದಲೇ ಕಟ್ಟಬೇಕು. ಈ ನಷ್ಟವನ್ನು ನಮ್ಮ ರಾಜ್ಯದವರೇ ಹಿಂದೆ ಅಳೆದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಬೆಂಕಿಯನ್ನು ಮುಚ್ಚಿ, ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯಿಸಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಒಲೆ ಅದು.

ರಾತ್ರಿ ಊಟವಾದ ಮೇಲೆ ಲೆಕ್ಕದ ಹಾಳೆಯನ್ನು ಅಬ್ಬಾರಿಗೆ ತೋರಿಸಿದೆವು. ಅವರು ಬಾಡಿಗೆಗೆ ಟಂಟಂ ಓಡಿಸುತ್ತಾರೆ. ಹಾಳೆಯನ್ನು ಎರಡು ಸಲ ನೋಡಿ, "ಲೆಕ್ಕ ಸರಿ ಇದೆ. ಆದರೆ ಅಡ್ಡೆಯವನು ನಲವತ್ತು ರೂಪಾಯಿಗೂ ಕಟ್ಟಿಗೆ ಕೊಡುತ್ತಾನೆ. ನಲವತ್ತು ರೂಪಾಯಿಗೆ ಸಿಲಿಂಡರ್ ಯಾರು ಕೊಡುತ್ತಾರೆ?" ಎಂದರು.

ನಾನು ಸುಮ್ಮನಾದೆ. ಖರ್ಚು ಬೇರೆ, ಕೈಯಲ್ಲಿರುವ ನಗದು ಬೇರೆ ಎಂದು ಅಕೌಂಟೆನ್ಸಿ ತರಗತಿಯಲ್ಲಿ ಓದಿದ್ದೇನೆ. ಅದರ ಅರ್ಥ ಅಂದು ತಿಳಿಯಿತು. ದಿನದ ದುಡಿಮೆಯವರು ಅಗ್ಗದ್ದನ್ನು ಕೊಳ್ಳಲು ಆಗದೆ, ದುಬಾರಿಯದನ್ನೇ ಚೂರುಚೂರಾಗಿ ಕೊಳ್ಳುತ್ತಾರೆ.

ಈಗ ಒಂದು ಡಬ್ಬಿ ಇಟ್ಟಿದ್ದೇವೆ. ಕಟ್ಟಿಗೆಯ ದುಡ್ಡಿನಲ್ಲಿ ದಿನಕ್ಕೆ 20 ರೂಪಾಯಿ ಅದರೊಳಗೆ ಹೋಗುತ್ತದೆ. 45 ದಿನಕ್ಕೆ ಒಂದು ಸಿಲಿಂಡರ್. ಬೆಳಗಿನ ಅಡುಗೆ ಗ್ಯಾಸಿಗೆ ಬಂದಿದೆ. ಸ್ನಾನದ ಹಂಡೆ ಮತ್ತು ರಾತ್ರಿಯ ರೊಟ್ಟಿ ಇನ್ನೂ ಕಟ್ಟಿಗೆಯ ಮೇಲೆಯೇ. ಗ್ಯಾಸಿನ ರೊಟ್ಟಿಗೆ ರುಚಿಯಿಲ್ಲ ಎಂಬ ದಾದಿಯ ವಾದಕ್ಕೆ ಆಪಾಳ ಬಳಿ ಸೂತ್ರವಿಲ್ಲ.

ನಮ್ಮ ಹಾಳೆಯಲ್ಲಿ ಒಂದು ಕಲಂ ಖಾಲಿಯಾಗಿಯೇ ಇದೆ. ಹೊಗೆಯ ಜೊತೆ ಹೋದ ಉಷ್ಣ ಅಂಗಳಕ್ಕೆ ಹೋಗಿ ಆರಿತು. ಹೊಗೆಯೊಂದಿಗೆ ಅಮ್ಮಿಯ ಎದೆಯೊಳಗೆ ಹೋದದ್ದನ್ನು ಯಾವ ಖಾತೆಗೆ ಬರೆಯಬೇಕು? ಇಷ್ಟು ವರ್ಷ ಕಟ್ಟಿಗೆ ಅಗ್ಗವೆಂದು ಕಂಡದ್ದು ಆ ಕಲಂ ಅನ್ನು ಯಾರೂ ಬರೆಯದೆ ಇದ್ದುದರಿಂದ. ನಿಮ್ಮ ಮನೆಯಲ್ಲಿಯೂ ಕಟ್ಟಿಗೆ ಒಲೆ ಇದ್ದರೆ, ಒಂದು ಥರ್ಮಾಮೀಟರ್ ಮತ್ತು ಒಂದು ತಕ್ಕಡಿ ಸಾಕು, ಅಳೆದು ನೋಡಿ. ಊದುಗೊಳವೆ ಹಿಡಿದವರನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.